ಗ್ರೀನ್ ಕಾರ್ಡ್ ರಿನ್ಯೂ ಆಗುತ್ತದೆ, ಆದರೆ ನಿಮ್ಮ ಮನೆ ಎಲ್ಲಿದೆ?

ಈ ಸಲವೂ ಓದುಗರಿಂದ ಬಂದಿರುವುದರಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ. ಊರು ಮಾತ್ರ ಬೇರೆ ಬೇರೆ. ಮಕ್ಕಳು ಅಮೆರಿಕದಲ್ಲಿ ಸಿಟಿಜನ್ ಆಗಿ ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್ ಮಾಡಿಸಿದ್ದಾರೆ, ಅಪ್ಪ ಅಮ್ಮ ವರ್ಷದಲ್ಲಿ ಜಾಸ್ತಿ ದಿನ ಮೈಸೂರಿನಲ್ಲೋ ಶಿವಮೊಗ್ಗದಲ್ಲೋ ಧಾರವಾಡದಲ್ಲೋ ಇರುತ್ತಾರೆ, ಈಗ ಕಾರ್ಡಿನ ಅವಧಿ ಮುಗಿಯುತ್ತಾ ಬಂದಿದೆ. ಅದಕ್ಕೇ ಮೊದಲ ಪ್ರಶ್ನೆಗೆ ಹೆಚ್ಚು ಜಾಗ ಕೊಡುತ್ತಿದ್ದೇನೆ. ಗ್ರೀನ್ ಕಾರ್ಡ್ ಅಂದರೇನು ಅಂತ ವಿವರಿಸುವುದಿಲ್ಲ. ಕಾರ್ಡ್ ಕೈಯಲ್ಲಿ ಇಟ್ಟುಕೊಂಡವರಿಗೆ ಅದು ಗೊತ್ತಿರಬೇಕು.

ಪ್ರಶ್ನೆ: ನನಗೆ 68, ಹೆಂಡತಿಗೆ 63. ಮಗ ನ್ಯೂಜೆರ್ಸಿಯಲ್ಲಿದ್ದಾನೆ. ನಮ್ಮಿಬ್ಬರ ಗ್ರೀನ್ ಕಾರ್ಡ್ ಬರುವ ಮಾರ್ಚ್‌ಗೆ ಹತ್ತು ವರ್ಷ ಮುಗಿಸುತ್ತದೆ. ವರ್ಷದಲ್ಲಿ ಒಂಬತ್ತು ತಿಂಗಳು ಮೈಸೂರಿನಲ್ಲೇ ಇರುತ್ತೇವೆ, ಆದರೆ ಆರು ತಿಂಗಳು ತುಂಬುವ ಮೊದಲು ತಪ್ಪದೆ ಒಮ್ಮೆ ಅಮೆರಿಕಕ್ಕೆ ಹೋಗಿ ಬರುತ್ತೇವೆ. ಆರು ತಿಂಗಳು ದಾಟದಿದ್ದರೆ ಯಾರೂ ಏನೂ ಕೇಳುವುದಿಲ್ಲ ಅಂತ ವಾಕಿಂಗ್ ಗೆಳೆಯರು ಹೇಳುತ್ತಾರೆ. ಮೈಸೂರಿನಿಂದಲೇ ಆನ್‌ಲೈನ್‌ನಲ್ಲಿ ರಿನ್ಯೂ ಮಾಡಬಹುದಾ?

ಉತ್ತರ: ನೀವು ಕೇಳಿದ್ದು ಕಾರ್ಡಿನ ಬಗ್ಗೆ. ನನಗೆ ಚಿಂತೆ ಆಗಿರುವುದು ಕಾರ್ಡಿನ ಬಗ್ಗೆ ಅಲ್ಲ. ಆದರೂ ಮೊದಲು ಅದನ್ನೇ ಮುಗಿಸುತ್ತೇನೆ.

ರಿನ್ಯೂ ಮಾಡುವ ಫಾರಂ ಐ-90. ಅವಧಿ ಮುಗಿಯುವುದಕ್ಕೆ ಆರು ತಿಂಗಳ ಒಳಗೆ ಹಾಕಬೇಕು, ಅಂದರೆ ನಿಮಗೆ ಸೆಪ್ಟೆಂಬರ್‌ನಿಂದ ಬಾಗಿಲು ತೆರೆಯುತ್ತದೆ. 2024ರ ಏಪ್ರಿಲ್‌ನಲ್ಲಿ ಬದಲಾದ ಶುಲ್ಕದ ಪ್ರಕಾರ ಆನ್‌ಲೈನ್‌ನಲ್ಲಿ 415 ಡಾಲರ್, ಕಾಗದದಲ್ಲಿ ಹಾಕಿದರೆ 465. ಕಟ್ಟುವ ದಿನ ಅಮೆರಿಕದ ವಲಸೆ ಇಲಾಖೆಯ (ಯುಎಸ್‌ಸಿಐಎಸ್) ಪುಟದಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ. ಅರ್ಜಿ ಹಾಕಿದ ಮೇಲೆ ಒಂದು ರಸೀದಿ ಬರುತ್ತದೆ. 2024ರ ಸೆಪ್ಟೆಂಬರ್‌ನಿಂದ ಆ ರಸೀದಿ ಹಳೆಯ ಕಾರ್ಡಿನ ಅವಧಿಯನ್ನು 36 ತಿಂಗಳು ಮುಂದಕ್ಕೆ ಹಾಕುತ್ತದೆ. ಹಳೆಯ ಕಾರ್ಡ್ ಮತ್ತು ಆ ರಸೀದಿ ಎರಡನ್ನೂ ಜೊತೆಗೆ ಇಟ್ಟುಕೊಂಡು ಓಡಾಡಬಹುದು. ರಸೀದಿಯ ಮೂಲ ಪ್ರತಿಯನ್ನು ಮಗನ ಮನೆಯ ಡ್ರಾಯರ್‌ನಲ್ಲಿ ಬಿಟ್ಟು ಫೋನಿನಲ್ಲಿ ಫೋಟೋ ತೋರಿಸುತ್ತೇನೆ ಅನ್ನಬೇಡಿ.

ಮೈಸೂರಿನಿಂದ ಹಾಕಬಹುದಾ? ಬೇಡ. ಹೊರಗಿದ್ದಾಗ ಅವಧಿ ಮುಗಿಯುತ್ತಾ ಬಂದಿದ್ದರೆ, ಮುಗಿಯುವ ಮೊದಲೇ ಅಮೆರಿಕಕ್ಕೆ ಮರಳಿದ ಕೂಡಲೇ ಅರ್ಜಿ ಹಾಕಿ ಅಂತಲೇ ಇಲಾಖೆ ಹೇಳುತ್ತದೆ. ಬೆರಳಚ್ಚಿಗೆ ಕರೆದರೆ ಅಲ್ಲೇ ಹೋಗಿ ಕೊಡಬೇಕು. ಕೆಲವರಿಗೆ ಹಳೆಯ ಬೆರಳಚ್ಚನ್ನೇ ಬಳಸುತ್ತಾರೆ, ಆದರೆ ನಿಮಗೂ ಹಾಗೇ ಆಗುತ್ತದೆ ಅಂತ ನಂಬಿ ಟಿಕೆಟ್ ಮಾಡಿಸಬೇಡಿ. ಹೇಳದೆ ಕೇಳದೆ ಆ ದಿನ ತಪ್ಪಿಸಿದರೆ ಅರ್ಜಿ ಕೈಬಿಟ್ಟ ಹಾಗೆ ಲೆಕ್ಕ. ಹೊಸ ಕಾರ್ಡ್ ಅಂಚೆಯಲ್ಲಿ ಬರುತ್ತದೆ. ಮನೆ ಬದಲಾಗಿದ್ದರೆ ಅಂಚೆಯವರು ಹೊಸ ವಿಳಾಸಕ್ಕೆ ಕಳಿಸುವುದಿಲ್ಲ, ಇಲಾಖೆಗೇ ವಾಪಸ್ ಹೋಗುತ್ತದೆ. ಹಾಗಾಗಿ ಸೆಪ್ಟೆಂಬರ್ ಆದ ಮೇಲೆ ಹೋಗಿ, ಅರ್ಜಿ ಹಾಕಿ, ಬೆರಳಚ್ಚು ಮುಗಿಸಿ, ರಸೀದಿ ಹಿಡಿದು ಬನ್ನಿ. ಕಾರ್ಡಿನ ಕಥೆ ಇಷ್ಟೇ. ಕಾರ್ಡಿನ ಅವಧಿ ಮುಗಿದರೆ ನಿಮ್ಮ ಹಕ್ಕೇನೂ ಮುಗಿಯುವುದಿಲ್ಲ.

ಹಕ್ಕು ಹೋಗುವುದು ಬೇರೆ ದಾರಿಯಲ್ಲಿ.

ಈ 'ಆರು ತಿಂಗಳ ನಿಯಮ' ಕೇಳಿ ಕೇಳಿ ನನಗೆ ಸಾಕಾಗಿದೆ. ಆರು ತಿಂಗಳಿಗೊಮ್ಮೆ ಹೋಗಿ ಮುಖ ತೋರಿಸಿದರೆ ಗ್ರೀನ್ ಕಾರ್ಡ್ ಉಳಿಯುತ್ತದೆ ಅನ್ನುವ ಕಾನೂನು ಎಲ್ಲೂ ಇಲ್ಲ. ಕಾನೂನಿನಲ್ಲಿ ಇರುವುದು ಇಷ್ಟು. ಒಂದೇ ಸಲಕ್ಕೆ 180 ದಿನ ದಾಟಿ ಹೊರಗಿದ್ದರೆ ನಿಮ್ಮನ್ನು ಹೊಸದಾಗಿ ಪ್ರವೇಶ ಕೇಳುತ್ತಿರುವವರ ಹಾಗೆ ನೋಡಬಹುದು, ಅಂದರೆ ವಿಚಾರಣೆ ಗಟ್ಟಿಯಾಗುತ್ತದೆ. ಒಂದು ವರ್ಷ ದಾಟಿದರೆ ಬರೀ ಕಾರ್ಡ್ ತೋರಿಸಿ ಒಳಗೆ ಹೋಗಲು ಆಗುವುದಿಲ್ಲ. ಇವೆರಡೂ ಹೆಚ್ಚು ದಿನ ಹೊರಗಿದ್ದರೆ ಏನಾಗುತ್ತದೆ ಅಂತ ಹೇಳುತ್ತವೆ. ಅದಕ್ಕಿಂತ ಕಡಿಮೆ ದಿನ ಇದ್ದರೆ ನೀವು ಸುರಕ್ಷಿತ ಅಂತ ಎಲ್ಲೂ ಹೇಳಿಲ್ಲ. ಅದನ್ನು ಸೇರಿಸಿಕೊಂಡಿದ್ದು ನಮ್ಮ ಜನ.

ಗ್ರೀನ್ ಕಾರ್ಡ್ ಕೊಡುವುದು ಅಮೆರಿಕವೇ ನಿಮ್ಮ ಮನೆ ಅನ್ನುವ ಆಧಾರದ ಮೇಲೆ. ಹೊರಗೆ ಹೋದದ್ದು ತಾತ್ಕಾಲಿಕವಾಗಿರಬೇಕು. 1975ರಲ್ಲಿ ಅಲ್ಲಿನ ವಲಸೆ ಮೇಲ್ಮನವಿ ಮಂಡಳಿ ಒಂದು ಪ್ರಕರಣ ತೀರ್ಮಾನಿಸಿತು, ಇವತ್ತಿಗೂ ವಕೀಲರು ಅದನ್ನು ಎತ್ತುತ್ತಾರೆ. ಜಮೈಕಾದ ಒಬ್ಬ ಮಹಿಳೆ ತನ್ನ ಊರಿನಲ್ಲಿ ವಸತಿಗೃಹ ನಡೆಸಿಕೊಂಡು ವರ್ಷಕ್ಕೆ ಹನ್ನೊಂದು ತಿಂಗಳು ಅಲ್ಲೇ ಇರುತ್ತಿದ್ದರು, ತಿಂಗಳ ಮಟ್ಟಿಗೆ ಅಮೆರಿಕಕ್ಕೆ ಬಂದು ಹೋಗುತ್ತಿದ್ದರು. ಮರಳಿ ಬರುವ ನಿವಾಸಿ ಅಂತ ಆಕೆಯನ್ನು ಮಂಡಳಿ ಒಪ್ಪಲಿಲ್ಲ. ದಿನ ಎಣಿಸುವುದು ಮಾತ್ರ ಸಾಲದು ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಾ?

ಹಾಗಾದರೆ ಏನು ನೋಡುತ್ತಾರೆ? ಯಾಕೆ ಹೋದಿರಿ, ಆ ಕೆಲಸ ಯಾವಾಗ ಮುಗಿಯುತ್ತದೆ, ಮನೆ ಎಲ್ಲಿದೆ, ಮನೆಯವರು ಎಲ್ಲಿದ್ದಾರೆ, ತೆರಿಗೆ ಹೇಗೆ ಕಟ್ಟುತ್ತೀರಿ. ತಾಯಿಗೆ ಮಂಡಿ ಆಪರೇಷನ್ ಆಗಿತ್ತು, ಜಮೀನಿನ ಖಾತೆ ಬದಲಾಯಿಸುವುದಿತ್ತು, ಮಗಳ ಮದುವೆ ಇತ್ತು ಅಂತ ಹೋದರೆ ಅದಕ್ಕೊಂದು ಕೊನೆ ಇದೆ. 'ಅಲ್ಲಿ ಚಳಿ ಜಾಸ್ತಿ, ನಮಗೆ ಇಲ್ಲೇ ಹಿತ' ಅನ್ನುವುದಕ್ಕೆ ಕೊನೆ ಇಲ್ಲ. ನಿಮ್ಮ ಒಂಬತ್ತು ತಿಂಗಳು ಯಾವ ಸಾಲಿಗೆ ಸೇರುತ್ತದೆ ಅಂತ ನೀವೇ ಹೇಳಿ.

ನಿಮಗೆ ನಿಜವಾಗಿಯೂ ಅಲ್ಲೇ ನೆಲೆಸುವ ಮನಸ್ಸಿದ್ದರೆ ಅದು ಕಾಗದದಲ್ಲಿ ಕಾಣಬೇಕು. ಅಲ್ಲಿನ ರಾಜ್ಯದ ಗುರುತಿನ ಚೀಟಿ ಅಥವಾ ಲೈಸೆನ್ಸ್, ನೀವೇ ಬಳಸುವ ಬ್ಯಾಂಕ್ ಖಾತೆ, ಆರೋಗ್ಯ ವಿಮೆ, ಪ್ರತಿ ವರ್ಷ ನಿವಾಸಿಯಾಗಿ ಹಾಕಿದ 1040 ತೆರಿಗೆ ಪತ್ರ. ತೆರಿಗೆ ಉಳಿಸಲು ಯಾರದೋ ಮಾತು ಕೇಳಿ ಅನಿವಾಸಿಯಾಗಿ 1040-ಎನ್‌ಆರ್ ಹಾಕಿದವರನ್ನು ನೋಡಿದ್ದೇನೆ. ನಾನು ಇಲ್ಲಿಯ ನಿವಾಸಿ ಅಲ್ಲ ಅಂತ ಸ್ವಂತ ಸಹಿಯಲ್ಲಿ ಸರ್ಕಾರಕ್ಕೆ ಬರೆದುಕೊಟ್ಟ ಮೇಲೆ ವಿಮಾನ ನಿಲ್ದಾಣದಲ್ಲಿ ಏನು ವಾದ ಮಾಡುತ್ತೀರಿ?

ಒಂದು ವರ್ಷಕ್ಕಿಂತ ಹೆಚ್ಚು ಹೊರಗೆ ಇರಬೇಕಾದ ಕಾರಣ ಇದ್ದರೆ ರೀ-ಎಂಟ್ರಿ ಪರ್ಮಿಟ್ ಮಾಡಿಸಿ. ಫಾರಂ ಐ-131. ಅರ್ಜಿ ಹಾಕುವಾಗ ನೀವು ಅಮೆರಿಕದ ನೆಲದಲ್ಲೇ ಇರಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಸಾಮಾನ್ಯವಾಗಿ ಎರಡು ವರ್ಷಕ್ಕೆ ಕೊಡುತ್ತಾರೆ, ಆಮೇಲೆ ಅದನ್ನೇ ಮುಂದುವರಿಸಲು ಬರುವುದಿಲ್ಲ, ಮತ್ತೆ ಹೋಗಿ ಹೊಸದಾಗಿ ಹಾಕಬೇಕು. ಕಳೆದ ಐದು ವರ್ಷದಲ್ಲಿ ನಾಲ್ಕಕ್ಕಿಂತ ಜಾಸ್ತಿ ಹೊರಗಿದ್ದವರಿಗೆ ಒಂದೇ ವರ್ಷ. ಇಷ್ಟಾದರೂ ಪ್ರಶ್ನೆ ಕೇಳುವುದಿಲ್ಲ ಅಂತ ಖಾತ್ರಿ ಇಲ್ಲ. ಆದರೆ ಮರಳುವ ಮನಸ್ಸಿತ್ತು ಅನ್ನುವುದಕ್ಕೆ ಹೊರಡುವ ಮೊದಲೇ ಮಾಡಿಟ್ಟ ಸಾಕ್ಷಿ ಅದು.

ಇನ್ನೊಂದು ಮಾತು. ಇದನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿ. 2025ರ ಆರಂಭದಲ್ಲಿ ಚಳಿಗಾಲ ಭಾರತದಲ್ಲಿ ಕಳೆದು ಮರಳಿದ ವಯಸ್ಸಾದವರಿಗೆ ವಿಮಾನ ನಿಲ್ದಾಣದಲ್ಲೇ ಕಾರ್ಡ್ ಬಿಟ್ಟುಕೊಡಿ ಅಂತ ಒತ್ತಡ ಹಾಕಿದ ವರದಿಗಳು ಪತ್ರಿಕೆಗಳಲ್ಲಿ ಬಂದವು. ಅವರ ಮುಂದೆ ಇಡುವ ಕಾಗದ ಐ-407. ಅದರ ಅರ್ಥ ನಾನು ಇಷ್ಟಪಟ್ಟು ನನ್ನ ನಿವಾಸದ ಹಕ್ಕು ಬಿಡುತ್ತಿದ್ದೇನೆ ಅಂತ. ಸಹಿ ಮಾಡಲೇಬೇಕು ಅಂತ ಯಾರೂ ಹೇಳುವಂತಿಲ್ಲ. ಇಷ್ಟು ದಿನ ಹೊರಗಿದ್ದಿರಿ ಅನ್ನುವ ಒಂದೇ ಕಾರಣಕ್ಕೆ ಅಧಿಕಾರಿ ತಾನೇ ನಿಮ್ಮ ಹಕ್ಕು ಕಿತ್ತುಕೊಳ್ಳಲು ಬರುವುದಿಲ್ಲ. ವಲಸೆ ನ್ಯಾಯಾಧೀಶರ ಮುಂದೆ ವಿಚಾರಣೆ ಕೇಳುವ ಹಕ್ಕು ನಿಮಗಿದೆ, ಅಲ್ಲಿ ನೀವು ನಿವಾಸ ಬಿಟ್ಟಿದ್ದೀರಿ ಅಂತ ಸಾಬೀತು ಮಾಡುವ ಹೊರೆ ಸರ್ಕಾರದ್ದು. ಇಪ್ಪತ್ತು ತಾಸು ಪ್ರಯಾಣ ಮಾಡಿ, ನಿದ್ದೆಯಿಲ್ಲದೆ, ಬಿ.ಪಿ. ಮಾತ್ರೆ ತಗೊಳ್ಳದೆ, ಇಂಗ್ಲಿಷ್ ಅರ್ಧ ಅರ್ಥವಾಗಿ ಅರ್ಧ ಆಗದೆ ನಿಂತಿರುವಾಗ ಎಷ್ಟೋ ಜನ ಸುಮ್ನೆ ಸಹಿ ಹಾಕಿಬಿಡುತ್ತಾರೆ. ಹಾಕಬೇಡಿ. ಓದಲು ಬಾರದ ಕಾಗದಕ್ಕಂತೂ ಹಾಕಲೇಬೇಡಿ. ಕನ್ನಡದ ದುಭಾಷಿ ಬೇಕು ಅಂತ ಕೇಳಿ. ಸುಳ್ಳು ಮಾತ್ರ ಹೇಳಬೇಡಿ, ಅದರಿಂದ ಆಗುವ ಹಾನಿ ಕಾರ್ಡ್ ಹೋಗುವುದಕ್ಕಿಂತ ದೊಡ್ಡದು.

ಇನ್ನು ಏಜೆಂಟರ ವಿಷಯ. 'ನೀವು ಬರುವುದೇ ಬೇಡ, ಅಮೆರಿಕದ ವಿಳಾಸ ನಾವೇ ಕೊಡುತ್ತೇವೆ, ಎಲ್ಲ ಇಲ್ಲಿಂದಲೇ ಆಗುತ್ತದೆ' ಅಂತ ದುಡ್ಡು ಕೇಳುವವರು ಈಗ ಊರೂರಿಗೂ ಇದ್ದಾರೆ. ಫಾರಂನಲ್ಲಿ ಅವರು ಬರೆದ ಪ್ರತಿ ಸುಳ್ಳಿನ ಕೆಳಗೆ ಇರುವುದು ನಿಮ್ಮ ಸಹಿ. ಸಿಕ್ಕಿಬಿದ್ದರೆ ಅವರು ಫೋನ್ ಕೂಡ ಎತ್ತುವುದಿಲ್ಲ.

ನನ್ನ ಸ್ವಂತ ಸಲಹೆ ಕೆಲವರಿಗೆ ರುಚಿಸುವುದಿಲ್ಲ. ಮನೆ, ಸ್ನೇಹಿತರು, ಡಾಕ್ಟರು, ದೇವಸ್ಥಾನ ಎಲ್ಲ ಮೈಸೂರಿನಲ್ಲೇ ಇದ್ದು, ಅಮೆರಿಕಕ್ಕೆ ಹೋಗುವುದು ಮೊಮ್ಮಕ್ಕಳನ್ನು ನೋಡಲು ಮಾತ್ರ ಆಗಿದ್ದರೆ, ಕಾರ್ಡನ್ನು ಮರ್ಯಾದೆಯಿಂದ ನೀವೇ ವಾಪಸ್ ಕೊಟ್ಟು ಬಿ-2 ವಿಸಿಟರ್ ವೀಸಾಕ್ಕೆ ಅರ್ಜಿ ಹಾಕಿ. ವಿಮಾನ ನಿಲ್ದಾಣದಲ್ಲಿ ಹೆದರಿ ಸಹಿ ಹಾಕುವುದು ಬೇರೆ, ಮನೆಯಲ್ಲಿ ಕೂತು ಯೋಚಿಸಿ ಅದೇ ಫಾರಂ ಕಳಿಸುವುದು ಬೇರೆ. ಮುಂದೆ ಪರಿಸ್ಥಿತಿ ಬದಲಾಗಿ ಅಲ್ಲೇ ಇರಬೇಕಾಗಿ ಬಂದರೆ ಸಿಟಿಜನ್ ಆಗಿರುವ ಮಗ ಮತ್ತೆ ಅರ್ಜಿ ಹಾಕಬಹುದು. ಸಿಟಿಜನ್‌ಗಳ ತಂದೆ ತಾಯಿಗೆ ವರ್ಷಕ್ಕೆ ಇಷ್ಟೇ ಜನ ಅನ್ನುವ ಮಿತಿ ಇಲ್ಲ. ವಾಪಸ್ ಕೊಡುವ ಮೊದಲು ಒಬ್ಬ ತೆರಿಗೆ ತಜ್ಞರನ್ನು ಕಾಣಿ. ಕಳೆದ 15 ವರ್ಷಗಳಲ್ಲಿ 8 ವರ್ಷ ಕಾರ್ಡ್ ಇಟ್ಟುಕೊಂಡಿದ್ದವರಿಗೆ ದೇಶ ಬಿಡುವಾಗಿನ ತೆರಿಗೆ ನಿಯಮಗಳು ಬೇರೆಯೇ ಇವೆ. ನಿಮಗೆ ಅದು ಅನ್ವಯಿಸುತ್ತದೆ.

'ವಾಪಸ್ ಕೊಡುವುದೂ ಬೇಡ, ರಿನ್ಯೂ ಮಾಡುವುದೂ ಬೇಡ, ಅವಧಿ ಮುಗಿದು ತಾನಾಗೇ ಹೋಗಲಿ' ಅನ್ನುವವರೂ ಇದ್ದಾರೆ. ತಾನಾಗೇ ಹೋಗುವುದಿಲ್ಲ. ಅಧಿಕೃತವಾಗಿ ಬಿಡುವ ತನಕ ಅಲ್ಲಿನ ತೆರಿಗೆ ಇಲಾಖೆಯ ಲೆಕ್ಕದಲ್ಲಿ ನೀವು ನಿವಾಸಿಯೇ.

ಪ್ರಶ್ನೆ: ಎಫ್‌ಡಿ ಬಡ್ಡಿಗೆ ಇಲ್ಲೇ ಟಿಡಿಎಸ್ ಕಟ್ ಆಗಿದೆ. ಅಮೆರಿಕದಲ್ಲೂ ತೋರಿಸಬೇಕಾ?

ಉತ್ತರ: ತೋರಿಸಲೇಬೇಕು. ಗ್ರೀನ್ ಕಾರ್ಡ್ ಇರುವವರಿಗೆ ಪ್ರಪಂಚದ ಎಲ್ಲಿಂದ ಬಂದ ಆದಾಯವೂ ಲೆಕ್ಕಕ್ಕೆ ಬರುತ್ತದೆ, ಎಫ್‌ಡಿ ಬಡ್ಡಿಯೂ, ಮನೆ ಬಾಡಿಗೆಯೂ. ಭಾರತದಲ್ಲಿ ಕಟ್ಟಿದ ತೆರಿಗೆಗೆ ಅಲ್ಲಿ ಸಾಮಾನ್ಯವಾಗಿ ಕ್ರೆಡಿಟ್ ಸಿಗುತ್ತದೆ, ಆದರೆ ತೋರಿಸಿದರೆ ಮಾತ್ರ. ಭಾರತದ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ಎಫ್‌ಬಿಎಆರ್, ಅಂದರೆ ವಿದೇಶಿ ಖಾತೆಗಳ ವಿವರ ಕೊಡುವ ಪತ್ರ, ಹಾಕಬೇಕು. ಜಂಟಿ ಖಾತೆಯೂ ಸೇರುತ್ತದೆ. ನಿವೃತ್ತರಾದವರ ಎಫ್‌ಡಿ ಈ ಮಿತಿಯನ್ನು ಸುಲಭವಾಗಿ ದಾಟುತ್ತದೆ, ದಂಡವೂ ಸಣ್ಣದಲ್ಲ.

ಪ್ರಶ್ನೆ: ಬೆಂಗಳೂರಿನಲ್ಲಿ ಈಗ ಅಮೆರಿಕದ ಕಾನ್ಸುಲೇಟ್ ಇದೆಯಲ್ಲ, ಅಲ್ಲಿ ರಿನ್ಯೂ ಆಗುತ್ತದಾ?

ಉತ್ತರ: ಇಲ್ಲ. ಯಾವ ಕಾನ್ಸುಲೇಟ್‌ನಲ್ಲೂ ಗ್ರೀನ್ ಕಾರ್ಡ್ ರಿನ್ಯೂ ಮಾಡುವುದಿಲ್ಲ.

ಪ್ರಶ್ನೆ: ಗ್ರೀನ್ ಕಾರ್ಡ್ ಬಂದ ಮೇಲೆ ಓಸಿಐ ಮಾಡಿಸಬೇಕಾ?

ಉತ್ತರ: ನೀವು ಇನ್ನೂ ಭಾರತದ ಪ್ರಜೆ. ಓಸಿಐ ಬೇರೆ ದೇಶದ ಪ್ರಜೆಗಳಾದ ಭಾರತ ಮೂಲದವರಿಗೆ, ನಿಮಗಲ್ಲ.

ಪ್ರಶ್ನೆ: ಊರಿಗೆ ಬಂದಾಗ ಬಸ್ಸಿನಲ್ಲಿ ಪರ್ಸ್ ಜೊತೆ ಕಾರ್ಡೂ ಹೋಯಿತು. ವಿಮಾನ ಹತ್ತಲು ಬಿಡುತ್ತಾರಾ?

ಉತ್ತರ: ಹೊರಗೆ ಬಂದು ಒಂದು ವರ್ಷ ಆಗಿಲ್ಲದಿದ್ದರೆ ಐ-131ಎ ಹಾಕಿ ವಿಮಾನ ಹತ್ತಲು ಬೇಕಾದ ದಾಖಲೆ ಪಡೆಯಬಹುದು. ಪೊಲೀಸ್ ದೂರಿನ ಪ್ರತಿ ಇಟ್ಟುಕೊಳ್ಳಿ. ಹೊಸ ಕಾರ್ಡಿಗೆ ಅರ್ಜಿ ಅಲ್ಲಿಗೆ ಹೋದ ಮೇಲೆ.

ಪ್ರಶ್ನೆ: ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಸಿಟಿಜನ್‌ಶಿಪ್ ಪರೀಕ್ಷೆ ಕನ್ನಡದಲ್ಲಿ ಕೊಡಬಹುದಾ?

ಉತ್ತರ: ಅರ್ಜಿ ಹಾಕುವಾಗ 55 ವರ್ಷ ದಾಟಿ ಗ್ರೀನ್ ಕಾರ್ಡಿನಲ್ಲಿ 15 ವರ್ಷ ಇದ್ದಿದ್ದರೆ, ಅಥವಾ 50 ದಾಟಿ 20 ವರ್ಷ ಇದ್ದಿದ್ದರೆ, ಇಂಗ್ಲಿಷ್ ಬೇಡ. ದುಭಾಷಿಯನ್ನು ಕರೆದುಕೊಂಡು ಹೋಗಿ ಕನ್ನಡದಲ್ಲೇ ಉತ್ತರಿಸಬಹುದು. 65 ದಾಟಿ 20 ವರ್ಷ ಆಗಿದ್ದವರು ಓದಿಕೊಳ್ಳಬೇಕಾದ ಪ್ರಶ್ನೆಗಳೂ ಇಪ್ಪತ್ತೇ. ಆದರೆ ಅರ್ಜಿಗೆ ಹಿಂದಿನ ಐದು ವರ್ಷದಲ್ಲಿ ಕನಿಷ್ಠ 30 ತಿಂಗಳು ಅಮೆರಿಕದಲ್ಲಿ ಇದ್ದಿರಬೇಕು. ಆರು ತಿಂಗಳು ದಾಟಿದ ಒಂದೊಂದು ಪ್ರವಾಸಕ್ಕೂ ವಿವರಣೆ ಕೇಳುತ್ತಾರೆ, ರೀ-ಎಂಟ್ರಿ ಪರ್ಮಿಟ್ ಇದ್ದರೂ ಅದು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಪಾಸ್‌ಪೋರ್ಟಿನ ಸೀಲುಗಳನ್ನು ನೋಡಿ ದಿನ ಕೂಡಿಸಿಕೊಂಡು ಆಮೇಲೆ ಅರ್ಜಿ ಹಾಕಿ.