‘ಎಲೆಯೊಳಗಿನ ಯುದ್ಧ’ ಲೇಖನದ ಬಗ್ಗೆ

ನಮಸ್ಕಾರ.

ಸಸ್ಯಗಳು ರೋಗಾಣುಗಳನ್ನು ಗುರುತಿಸಿ ತಡೆಯುವ ಬಗೆಯನ್ನು ಕುರಿತ ನಿಮ್ಮ ಲೇಖನ ಓದಿದೆ. ಈಗಿರುವಂತೆ ಪ್ರಕಟಿಸಲಾಗದು. ತಿದ್ದಿ ಕಳಿಸಿ, ಖಂಡಿತ ಮತ್ತೆ ಓದುತ್ತೇನೆ. ಆರಿಸಿಕೊಂಡ ವಿಷಯ ಅಷ್ಟು ಚೆನ್ನಾಗಿದೆ.

ಮೊದಲ ಎರಡು ಪುಟಗಳ ತುಂಬ ಕೋಟೆ, ಕಾವಲುಗಾರ, ಗೂಢಚಾರ. ಒಂದು ಅಣುವಿನ ಹೆಸರೂ ಇಲ್ಲ. ‘ಸಸ್ಯ ಶತ್ರುವನ್ನು ಕಂಡು ಎಚ್ಚೆತ್ತುಕೊಳ್ಳುತ್ತದೆ’ ಎಂದಿದ್ದೀರಿ. ಕಂಡದ್ದು ಏನನ್ನು? ದುಂಡಾಣುವಿನ ಈಜುಬಾಲದ ಪ್ರೋಟೀನಾದ ಫ್ಲ್ಯಾಜೆಲಿನ್ನನ್ನು, ಅದರಲ್ಲೂ 22 ಅಮೈನೋ ಆಮ್ಲಗಳಷ್ಟೇ ಉದ್ದದ ತುಣುಕನ್ನು. ಜೀವಕೋಶದ ಪೊರೆಯಲ್ಲಿರುವ ಎಫ್‌ಎಲ್‌ಎಸ್2 ಗ್ರಾಹಕಕ್ಕೆ ಅದು ಅಂಟಿದೊಡನೆ ಬಿಎಕೆ1 ಎಂಬ ಸಹಗ್ರಾಹಕ ಬಂದು ಜೊತೆಗೂಡುತ್ತದೆ. ನಿಮಿಷಗಳಲ್ಲಿ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಇಷ್ಟು ಬರೆದರೆ ಕೋಟೆ ಬೇಕಾಗುವುದಿಲ್ಲ.

‘ಪ್ರತಿಕಾಯ’ ಎಂಬ ಪದವನ್ನು ಎಲ್ಲ ಕಡೆ ತೆಗೆಯಿರಿ. ಸಸ್ಯಗಳಲ್ಲಿ ಪ್ರತಿಕಾಯಗಳಿಲ್ಲ, ದೇಹದಲ್ಲಿ ಓಡಾಡುವ ರಕ್ಷಕ ಕೋಶಗಳೂ ಇಲ್ಲ. ಗಿಡದ ಒಂದೊಂದು ಪ್ರತಿರೋಧಕ ಜೀನಿಗೂ ರೋಗಾಣುವಿನಲ್ಲಿ ಜೋಡಿ ಜೀನೊಂದು ಇರುತ್ತದೆ ಎನ್ನುವ ‘ಜೀನಿಗೆ ಜೀನ್’ ಕಲ್ಪನೆಯನ್ನು 2006ಕ್ಕೆ ಹಾಕಿದ್ದೀರಿ. ಅದು ಅಗಸೆ ಗಿಡದ ತುಕ್ಕುರೋಗದ ಮೇಲೆ ವಿಜ್ಞಾನಿ ಫ್ಲೋರ್ 1940ರ ದಶಕದಲ್ಲಿ ಮಾಡಿದ ಕೆಲಸ. 2006ರಲ್ಲಿ ಬಂದದ್ದು, ಗಿಡದ ರಕ್ಷಣೆ ಮತ್ತು ರೋಗಾಣುವಿನ ಮರುದಾಳಿ ಸರದಿಯಂತೆ ನಡೆಯುತ್ತವೆ ಎನ್ನುವ, ಜೋನ್ಸ್ ಮತ್ತು ಡ್ಯಾಂಗಲ್ ಅವರ ‘ಜಿಗ್‌ಜ್ಯಾಗ್’ ಮಾದರಿ.

‘ಪ್ರತಿರೋಧಕ ಜೀನ್ ರೋಗಾಣುವನ್ನು ಹುಡುಕಿ ಕೊಲ್ಲುತ್ತದೆ’ ಎಂಬ ವಾಕ್ಯವೇ ದೊಡ್ಡ ತಪ್ಪು. ಅರಾಬಿಡಾಪ್ಸಿಸ್ ಗಿಡದಲ್ಲಿ ದುಂಡಾಣುವಿನ ಎವಿಆರ್‌ಆರ್‌ಪಿಟಿ2 ಎಂಬ ಪ್ರೋಟೀನು ಗಿಡದ ರಿನ್4 ಪ್ರೋಟೀನನ್ನು ಕತ್ತರಿಸುತ್ತದೆ. ಆರ್‌ಪಿಎಸ್2 ಎಂಬ ಪ್ರತಿರೋಧಕ ಜೀನಿನ ಪ್ರೋಟೀನು ಗಮನಿಸುವುದು ಕತ್ತರಿಸಿದವನನ್ನಲ್ಲ, ರಿನ್4 ಇಲ್ಲವಾದುದನ್ನು. ಸೋಂಕಿದ ಕೋಶ ತಾನೇ ಸಾಯುತ್ತದೆ, ರೋಗ ಅಲ್ಲೇ ನಿಲ್ಲುತ್ತದೆ.

ಇನ್ನು ಭತ್ತದ ದುಂಡಾಣು ಅಂಗಮಾರಿ. ಅದಕ್ಕೆ ನೀವು ಕೊಟ್ಟದ್ದು ಒಂದೇ ಸಾಲು: ‘ಎಕ್ಸ್‌ಎ13 ಜೀನ್ ಬೆಳೆಯನ್ನು ಕಾಯುತ್ತದೆ.’ ಲೇಖನದ ಜೀವ ಇರುವುದೇ ಇಲ್ಲಿ. ಜ್ಯಾಂಥೊಮೊನಾಸ್ ದುಂಡಾಣು ಸೂಜಿಯಂಥ ನಳಿಕೆಯಿಂದ ಪಿಟಿಎಚ್‌ಎಕ್ಸ್‌ಒ1 ಎಂಬ ಪ್ರೋಟೀನನ್ನು ಭತ್ತದ ಕೋಶದೊಳಕ್ಕೆ ಚುಚ್ಚುತ್ತದೆ. ಅದು ನೇರ ಕೋಶಕೇಂದ್ರಕ್ಕೆ ಹೋಗುತ್ತದೆ. ಅದರ ನಡುಭಾಗದಲ್ಲಿ ಸುಮಾರು 34 ಅಮೈನೋ ಆಮ್ಲಗಳ ಒಂದೇ ಬಗೆಯ ಘಟಕಗಳು ಸಾಲುಗಟ್ಟಿವೆ. ಪ್ರತಿ ಘಟಕದ 12 ಮತ್ತು 13ನೇ ಆಮ್ಲಗಳು ಸೇರಿ ಡಿಎನ್‌ಎಯ ಒಂದಕ್ಷರ ಓದುತ್ತವೆ: ಹಿಸ್ಟಿಡಿನ್, ಆಸ್ಪಾರ್ಟಿಕ್ ಆಮ್ಲ ಇದ್ದರೆ ‘ಸಿ’, ಆಸ್ಪರಾಜಿನ್, ಐಸೊಲ್ಯೂಸಿನ್ ಇದ್ದರೆ ‘ಎ’. ಹೀಗೆ ಓದುತ್ತ ಸ್ವೀಟ್11 ಜೀನಿನ ಚಾಲಕ ಭಾಗದ ಮೇಲೆ ಕೂತು ಅದನ್ನು ಚಾಲೂ ಮಾಡುತ್ತದೆ. ಆ ಜೀನ್ ಕೋಶದಿಂದ ಸಕ್ಕರೆ ಹೊರಬಿಡುವ ಪ್ರೋಟೀನಿನದು; ಆ ಸಕ್ಕರೆ ದುಂಡಾಣುವಿಗೆ ಆಹಾರ. ಎಕ್ಸ್‌ಎ13 ತಳಿಗಳಲ್ಲಿ ಆ ಚಾಲಕ ಭಾಗದ ಅಕ್ಷರಗಳೇ ಬೇರೆ, ಪಿಟಿಎಚ್‌ಎಕ್ಸ್‌ಒ1 ಕೂರಲಾರದು. ಅಂದರೆ ಇಲ್ಲಿ ಯಾರೂ ಹೋರಾಡುತ್ತಿಲ್ಲ, ಕೀಲಿ ಬೀಗಕ್ಕೆ ಹೊಂದುತ್ತಿಲ್ಲ. ಗಿಡದಲ್ಲಿರುವ ಈ ಜೀನಿನ ಎರಡು ಪ್ರತಿಗಳಲ್ಲಿ ಒಂದಾದರೂ ಹಳೆಯದಾಗಿ ಉಳಿದರೆ ದುಂಡಾಣುವಿಗೆ ಅಷ್ಟೇ ಸಾಕು. ಈ ಪ್ರತಿರೋಧ ಅಪ್ರಬಲ ಗುಣ, ಅಂದರೆ ಎರಡೂ ಪ್ರತಿಗಳು ಬದಲಾಗಿದ್ದರಷ್ಟೇ ಕಾಣುವ ಗುಣ, ಆಗಿರುವುದು ಅದಕ್ಕೇ. ‘ಶಾಶ್ವತ ಪರಿಹಾರ’ ಎಂದೂ ಬರೆಯಬೇಡಿ: ಇಂಥದೇ ಬೇರೆ ಪ್ರೋಟೀನುಗಳಿಂದ ಸ್ವೀಟ್14 ಎಂಬ ಇನ್ನೊಂದು ಸಕ್ಕರೆ ಜೀನನ್ನು ಚಾಲೂ ಮಾಡುವ ದುಂಡಾಣು ತಳಿಗಳಿವೆ.

ಕೊನೆಯಲ್ಲಿರುವ ಆರು ರೋಗಗಳ ಪಟ್ಟಿ ತೆಗೆದು ಆ ಜಾಗವನ್ನು ಇದಕ್ಕೆ ಕೊಡಿ. ಚಿತ್ರ ಒಂದೇ ಸಾಕು: ಡಿಎನ್‌ಎ ಮೇಲೆ ಸಾಲಾಗಿ ಕೂತ ಘಟಕಗಳು, ಪ್ರತಿಯೊಂದರ ಕೆಳಗೂ ಅದು ಓದುವ ಅಕ್ಷರ.