‘ಆವತ್ತು ನಾನು ಮಾತು ಹಾರಿಸಿಬಿಟ್ಟೆ’: ಓದುಗರ ಕಾಗದಕ್ಕೆ ಸಂಪಾದಕರ ಉತ್ತರ

ಶಿರಸಿಯಿಂದ ಬರೆದ ತಂಗಿಗೆ ನಮಸ್ಕಾರ. ಹೆಸರು ಹಾಕ್ಬೇಡಿ ಅಂದಿದ್ರಿ, ಹಾಕೋದಿಲ್ಲ. ಉಳಿದ ಓದುಗರಿಗಾಗಿ ವಿಷಯ ಇಷ್ಟು. ಕಾರವಾರದ ಕ್ರೈಸ್ತ ಹುಡುಗಿ, ಶಿರಸಿಯ ಒಂದು ಆಫೀಸಲ್ಲಿ ಕೆಲಸ, ಪಕ್ಕದ ಟೇಬಲ್ಲಿನ ಅಕ್ಕನ ಅಮ್ಮ ಆಸ್ಪತ್ರೆ ಸೇರಿದ್ದಾರೆ. ಒಂದಿನ ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಆ ಅಕ್ಕ "ನೀನು ಊಟಕ್ಕೆ ಮುಂಚೆ ಕಣ್ಮುಚ್ಚಿ ಎಂತ ಹೇಳ್ಕೊಳ್ತಿ? ಅದ್ರಿಂದ ಧೈರ್ಯ ಬರ್ತದಾ?" ಅಂತ ಕೇಳಿದ್ರು. ಇವರು "ಎಂತದೂ ಇಲ್ಲ, ಮನೇಲಿ ಅಭ್ಯಾಸ" ಅಂತ ನಕ್ಕು, ಉಪ್ಪಿನಕಾಯಿ ವಿಷಯ ತೆಗೆದ್ರು. ರಾತ್ರಿ ನಿದ್ದೆ ಬರ್ಲಿಲ್ಲ. "ನಾನೂ ಪೇತ್ರನ ಹಾಗೇ ಅಲ್ವಾ ಸರ್?" ಅಂತ ಕಾಗದದ ಕೊನೇಲಿ ಕೇಳಿದ್ದಾರೆ.

ಅಲ್ಲ ಅಂತ ಸಮಾಧಾನಕ್ಕೆ ಹೇಳ್ಬಹುದಿತ್ತು, ಆದ್ರೆ ಹೌದು, ಸ್ವಲ್ಪ ಹಾಗೇ. ಪೇತ್ರ ಅಂದ್ರೆ ಯೇಸುವಿನ ಶಿಷ್ಯ, ಯೇಸುವನ್ನ ಹಿಡಿದ ರಾತ್ರಿ ‘ಅವನ ಪರಿಚಯವೇ ನಂಗಿಲ್ಲ’ ಅಂದವನು. ಮಹಾಯಾಜಕನ ಅಂಗಳದಲ್ಲಿ ಇದ್ದಿಲ ಬೆಂಕಿ ಕಾಯಿಸ್ಕೊಳ್ತಾ ನಿಂತವನನ್ನ ಕೇಳಿದ್ದು ರಾಜನೂ ಅಲ್ಲ ಸೈನಿಕನೂ ಅಲ್ಲ, ಒಬ್ಬ ಕೆಲಸದ ಹುಡುಗಿ, ಅಷ್ಟಕ್ಕೇ ಹೆದರಿದ. ಅವನ ಗಲಿಲೇಯದ ಮಾತಿನ ಧಾಟಿಯೇ ಅವನನ್ನ ಹಿಡಿದುಕೊಟ್ಟಿತ್ತು, ನಮ್ಮ ಕಾರವಾರದ ಕೊಂಕಣಿ ಬೆರೆತ ಕನ್ನಡ ಶಿರಸಿಯಲ್ಲಿ ಎರಡನೇ ವಾಕ್ಯಕ್ಕೇ ಗೊತ್ತಾಗಿಬಿಡ್ತದಲ್ಲ, ಹಾಗೆ. ಆದ್ರೆ ಬೈಬಲ್ಲಿನ ಯೊವಾನ್ನರ ಶುಭಸಂದೇಶ ಮುಂದಕ್ಕೂ ಓದಿ. ರಾತ್ರಿಯೆಲ್ಲ ಬಲೆ ಬೀಸಿ ಒಂದು ಮೀನೂ ಸಿಗದ ಬೆಳಗು ಅಂದ್ರೆ ಎಂತ ಅಂತ ನಮ್ಮ ಕರಾವಳಿಯವರಿಗೆ ಬಿಡಿಸಿ ಹೇಳ್ಬೇಕಾ, ಅಂಥಾ ಬೆಳಿಗ್ಗೆ ದಡದಲ್ಲಿ ಮತ್ತೆ ಇದ್ದಿಲ ಬೆಂಕಿ, ಅದ್ರ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಯೇಸುಸ್ವಾಮಿ ಪೇತ್ರನನ್ನ "ಯಾಕೆ ಸುಳ್ಳು ಹೇಳ್ದೆ" ಅಂತ ಕೇಳಲೇ ಇಲ್ಲ. ಮೊದಲು ತಿಂಡಿ ಕೊಟ್ರು. ಆಮೇಲೆ ನನ್ನ ಮೇಲೆ ಪ್ರೀತಿ ಇದ್ಯಾ ಅಂತ ಮೂರು ಸಲ ಕೇಳಿದ್ರು, ಅಷ್ಟೇ.

ನಿಮ್ಮ ಹೆದರಿಕೆಯಲ್ಲಿ ಎರಡು ಹೆದರಿಕೆ ಸೇರ್ಕೊಂಡಿವೆ ಅಂತ ನಂಗನಿಸ್ತದೆ. ಒಂದು, "ಮತಾಂತರಕ್ಕೆ ಬಂದಳು" ಅಂತ ಯಾರಾದ್ರೂ ಅಂದ್ರೆ? ಈಗಿನ ಕಾಲದಲ್ಲಿ ಇದು ಸುಳ್ಳು ಭಯ ಅಲ್ಲ. ಸಂವಿಧಾನದ 25ನೇ ವಿಧಿಯಲ್ಲಿ ಧರ್ಮ ಪ್ರಚಾರದ ಹಕ್ಕಿದೆ, ಆದ್ರೆ ಅದು ತಿಳಿಸಿ ಹೇಳೋ ಹಕ್ಕು, ಇನ್ನೊಬ್ಬರನ್ನ ಮತಾಂತರಿಸೋ ಹಕ್ಕಲ್ಲ ಅಂತ 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಂಗಂತೂ ಆ ಗೆರೆ ಸರಿ ಅನಿಸ್ತದೆ, ಮನಸ್ಸು ತಿರುಗಿಸೋದು ನಮ್ಮ ಕೆಲಸ ಅಲ್ವೇ ಅಲ್ಲ. ನೀವೇ ಬರೆದ ಹಾಗೆ ಆ ಅಕ್ಕ ನಿಮ್ಮನ್ನ ಮಾರಿಕಾಂಬಾ ಜಾತ್ರೆಗೆ ಕರ್ಕೊಂಡು ಹೋಗಿದ್ರು, ಕ್ರಿಸ್ಮಸ್ಸಿಗೆ ನಿಮ್ಮನೆಯ ನೇವ್ರಿ, ಕುಲ್ಕುಲ್ ತಿಂದ್ರು. ಡಿಸೆಂಬರ್ 3ರ ಚಂದಾವರದ ಚರ್ಚಿನ ಹಬ್ಬಕ್ಕೆ ಎಷ್ಟು ಜನ ಹಿಂದೂಗಳು ಬಂದು ಮೇಣದ ಬತ್ತಿ ಹಚ್ಚಿ ಹೋಗ್ತಾರೆ ನೋಡಿ. ನಮ್ಮ ಕಡೆ ದೇವರ ವಿಷಯ ಮಾತಾಡೋದು ಹೊಸತಲ್ಲ.

ಎರಡನೇ ಭಯ, ಕೇಳಿದ್ದಕ್ಕೆಲ್ಲ ಉತ್ತರ ಗೊತ್ತಿಲ್ವಲ್ಲ ಅಂತ. ಯೇಸು ಕಣ್ಣು ಕೊಟ್ಟ ಹುಟ್ಟುಕುರುಡನಿಗೂ ಗೊತ್ತಿರ್ಲಿಲ್ಲ. ಫರಿಸಾಯರು, ಅಂದ್ರೆ ಆಗಿನ ಧರ್ಮಪಂಡಿತರು, ಪ್ರಶ್ನೆ ಮೇಲೆ ಪ್ರಶ್ನೆ ಹಾಕಿದ್ರೆ ಅವನು ಹೇಳಿದ್ದು, ಅದೆಲ್ಲ ನಂಗೊತ್ತಿಲ್ಲ, ಮೊದಲು ಕಣ್ಣು ಕಾಣ್ತಿರ್ಲಿಲ್ಲ, ಈಗ ಕಾಣ್ತದೆ. ಊರೂರು ತಿರುಗಿ ಯೇಸುವಿನ ಸುದ್ದಿ ಸಾರಿದ ಪೌಲನಂಥಾ ಪೌಲನೇ ಕೊರಿಂಥದವರ ಹತ್ರ ನಡುಗ್ತಾ ಬಂದಿದ್ದೆ ಅಂತ ಬರ್ಕೊಂಡಿದ್ದಾನೆ.

ಇನ್ನು ನನ್ನ ಕತೆ. ಹುಡುಗನಾಗಿದ್ದಾಗ ಚರ್ಚಿನ ಧ್ಯಾನಕೂಟ ಮುಗಿಸಿ ಬಂದ ಬಿಸಿಯಲ್ಲಿ ಕುಮಟಾದಿಂದ ಶಿರಸಿ ಬಸ್ ಹತ್ತಿದ್ದೆ. ಪಕ್ಕದ ಸೀಟಲ್ಲಿ ಅಡಿಕೆ ಚೀಲ ಇಟ್ಕೊಂಡ ಒಬ್ಬ ಅಜ್ಜ. ದೇವಿಮನೆ ಘಟ್ಟದ ಒಂದೊಂದು ತಿರುವಿಗೂ ನಾನು ಒಂದೊಂದು ಬೈಬಲ್ ವಾಕ್ಯ ಹೇಳಿದ್ದೇ ಹೇಳಿದ್ದು, ಅಜ್ಜ ಪಾಪ ತಲೆಯಾಡಿಸಿದ್ದೇ ಆಡಿಸಿದ್ದು, ಧೈರ್ಯ ಅಂದ್ರೆ ಇದೇ ಅಂತ ನನ್ನ ಲೆಕ್ಕ. ಇಳಿಯೋವಾಗ ಅಜ್ಜ ಹೇಳಿದ್ದು: "ತಮ್ಮಾ, ಇಷ್ಟೊತ್ತು ಮಾತಾಡ್ದೆ, ನನ್ನ ಹೆಸರೆಂತದು ಅಂತ ಕೇಳ್ಲೇ ಇಲ್ಲ ನೀನು." ಈಗಲೂ ಆ ಘಟ್ಟ ಹತ್ತುವಾಗ ಕಿವಿ ಬಿಸಿಯಾಗ್ತದೆ.

ಗೋವೆಯ ಸಂತ ಜೋಸೆಫ್ ವಾಜ್ 1681ರಿಂದ ಮೂರು ವರ್ಷ ನಮ್ಮ ಕೆನರಾದಲ್ಲೇ ಓಡಾಡಿದವರು. ಆಮೇಲೆ ಸಿಲೋನಿಗೆ, ಅಂದ್ರೆ ಈಗಿನ ಶ್ರೀಲಂಕಾಕ್ಕೆ ಹೋದ್ರು, ಅಲ್ಲಿ ಡಚ್ಚರ ಕಾಲದಲ್ಲಿ ಕೆಥೊಲಿಕ್ ಗುರುಗಳಿಗೆ ಪ್ರವೇಶ ಇರ್ಲಿಲ್ಲ, ಹಾಗಾಗಿ ಬಡವನ ವೇಷ. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಬಂದಾಗ ಜನ ಮನೆಮಂದಿಯನ್ನೇ ಬಿಟ್ಟು ಓಡಿದ್ರು, ಇವರು ಯಾವ ಧರ್ಮ ಅಂತ ಕೇಳದೆ ರೋಗಿಗಳ ಆರೈಕೆಗೆ ನಿಂತ್ರು. ಅವರೂ ಕೇಳಿದವರಿಗೆ ಹೇಳಿದ್ರು, ಆದ್ರೆ ಜನಕ್ಕೆ ಕೇಳ್ಬೇಕು ಅನಿಸಿದ್ದು ಅದನ್ನೆಲ್ಲ ನೋಡಿದ ಮೇಲೆ.

ನಿಮಗೆ ಆ ಕೆಲಸ ಆಗಲೇ ಅರ್ಧ ಆಗಿದೆ, ಅಕ್ಕ ಕೇಳಿಯಾಯ್ತು. ಹಾಗಾಗಿ ಹೋಗಿ, "ಆವತ್ತು ನೀವು ಕೇಳಿದ್ರಿ, ನಾನು ನಾಚಿಕೆಯಿಂದ ಮಾತು ಹಾರಿಸಿದೆ" ಅಂತಲೇ ಶುರುಮಾಡಿ. ಕಣ್ಮುಚ್ಚಿ ಎಂತ ಹೇಳ್ತೀರೋ ಅದನ್ನ ಹೇಳಿ, ಅಪ್ಪ ತೀರ್ಕೊಂಡಾಗ ಆ ಪ್ರಾರ್ಥನೆ ನಿಮ್ಮನ್ನ ಹೇಗೆ ಹಿಡಿದು ನಿಲ್ಸಿತು ಅಂತ ನಮಗೆ ಬರೆದಿದ್ರಲ್ಲ, ಅದನ್ನೇ ಹೇಳಿ. ಎರಡು ನಿಮಿಷ ಸಾಕು. ಅವರ ದೇವರನ್ನ ಹಳಿಯೋದು, ಪ್ರಾರ್ಥನೆ ಮಾಡಿದ್ರೆ ಅಮ್ಮ ಹುಷಾರಾಗ್ತಾರೆ ಅಂತ ಮಾತು ಕೊಡೋದು, ಆಸ್ಪತ್ರೆ ಮಂಚದ ಪಕ್ಕ ಪುಸ್ತಕ ಬಿಚ್ಚೋದು, ಇದ್ಯಾವುದೂ ಬೇಡ. ಅಮ್ಮನ ಹೆಸರೆಂತದು ಕೇಳ್ಕೊಳ್ಳಿ, ನಿಮ್ಮ ಪ್ರಾರ್ಥನೆಯಲ್ಲಿ ಸೇರಿಸ್ಬಹುದಾ ಅಂತ ಕೇಳಿ. ಬೇಡ ಅಂದ್ರೆ ಸರಿ ಅನ್ನಿ, ಮಾರನೇ ದಿನವೂ ಡಬ್ಬಿ ಒಟ್ಟಿಗೇ ಬಿಚ್ಚಿ. ರಾತ್ರಿ ಆಸ್ಪತ್ರೇಲಿ ಕೂರೋಕೆ ಜನ ಬೇಕಾದ್ರೆ ನೀವೂ ಒಂದು ಪಾಳಿ ತಗೊಳ್ಳಿ.

ಮುಂದಿನ ಕಾಗದದಲ್ಲಿ ಅವರ ಅಮ್ಮ ಹೇಗಿದ್ದಾರೆ ಅಂತ ಮೊದಲು ಬರೀರಿ.