ರಾಯಲ್ ಜೆಲ್ಲಿ ಅಸಲಿಯಾ? ಮನೆಯಲ್ಲಿ ಗೊತ್ತಾಗುವುದೆಷ್ಟು, ಲ್ಯಾಬ್‌ನಲ್ಲಿ ಕೇಳಬೇಕಾದ್ದೇನು

ರಾಯಲ್ ಜೆಲ್ಲಿ ಅಂದರೆ ರಾಣಿ ಮರಿಗೆ ತಿನ್ನಿಸಲು ಜೇನುನೊಣಗಳು ಸ್ರವಿಸುವ ಕೆನೆಯಂಥ ಆಹಾರ. ಅದರ ಬಗ್ಗೆ ಕಾರ್ಕಳದ ಅಣ್ಣ ಎರಡು ಪ್ರಶ್ನೆ ಕೇಳಿದ್ದಾರೆ. ಮಂಗಳೂರಲ್ಲಿ ತೆಗೆದುಕೊಂಡ ರಾಯಲ್ ಜೆಲ್ಲಿ ಅಸಲಿಯಾ ಅಂತ ಮನೆಯಲ್ಲೇ ನೋಡುವುದು ಹೇಗೆ? ನಮ್ಮ ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಮ್ಮೂರ ಜೇನು) ಪೆಟ್ಟಿಗೆಗಳಿಂದ ತೆಗೆದು ಮಾರಬಹುದಾ?

ಮೊದಲನೆಯದಕ್ಕೆ ನೇರ ಉತ್ತರ: ಮನೆಯಲ್ಲಿ ಒರಟು ಕಲಬೆರಕೆ ಹಿಡಿಯಬಹುದು, ಅಸಲಿ ಅಂತ ಖಾತ್ರಿ ಮಾಡಲು ಆಗುವುದಿಲ್ಲ ಮಾರಾಯ್ರೆ.

ಒಳ್ಳೆಯ ಜೆಲ್ಲಿ ಬಿಳಿ ಅಥವಾ ತೆಳು ಹಳದಿ ಇರುತ್ತದೆ. ನಾಲಿಗೆಗೆ ಹುಳಿ, ಗಂಟಲಲ್ಲಿ ಸ್ವಲ್ಪ ಚುರುಕು. ಸಿಹಿ ಜಾಸ್ತಿ ಇದ್ದರೆ ಜೇನುತುಪ್ಪ ಬೆರೆಸಿದ್ದಾರೆ ಅಂತಲೇ ಲೆಕ್ಕ. ನೀರಿಗೆ ಹಾಕಿದರೆ ಪೂರ್ತಿ ಕರಗದೆ ಮಬ್ಬಾಗುತ್ತದೆ. ಹಿಟ್ಟು ಸೇರಿಸಿದ್ದರೆ ಒಂದು ತೊಟ್ಟು ಅಯೋಡಿನ್ ಸಾಕು, ಕಡುನೀಲಿಗೆ ತಿರುಗುತ್ತದೆ. ಹುಳಿ ಅಳೆಯುವ ಪಿಎಚ್ ಪಟ್ಟಿಯಲ್ಲಿ 3.4ರಿಂದ 4.5ರ ಒಳಗೆ ಬರಬೇಕು. ಆದರೆ ಮೊಸರು ಬೆರೆಸಿದರೂ ಪಿಎಚ್ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ! ಮೊಸರು, ಮೊಟ್ಟೆಯ ಬಿಳಿ, ನೀರು ಎಲ್ಲ ಇದರ ಮಾಮೂಲಿ ಕಲಬೆರಕೆಗಳೇ.

ಜೇನುತುಪ್ಪದ ನೀರಿನಂಶ ನೋಡುವ ರಿಫ್ರ್ಯಾಕ್ಟೋಮೀಟರ್ ಹಲವರ ಬಳಿ ಉಂಟು. ಅದು ಇಲ್ಲಿ ನಡೆಯುವುದಿಲ್ಲ. ತುಪ್ಪದಲ್ಲಿ ನೀರು 20 ಶೇಕಡಾ ಆಸುಪಾಸು, ಜೆಲ್ಲಿಯಲ್ಲಿ 62ರಿಂದ 68.5. ಆ ಮೀಟರಿನ ಅಳತೆಪಟ್ಟಿ ಅಷ್ಟು ನೀರಿನಂಶದವರೆಗೆ ಹೋಗುವುದೇ ಇಲ್ಲ.

ಲ್ಯಾಬ್ ರಿಪೋರ್ಟ್ ಸಿಕ್ಕಿದರೆ ಮೊದಲು 10-ಎಚ್‌ಡಿಎ ನೋಡಿ. ಇದು ದಾದಿ ನೊಣಗಳ (ಮರಿಗಳಿಗೆ ಉಣ್ಣಿಸುವ ಎಳೆಯ ಕೆಲಸಗಾರ ನೊಣಗಳ) ಗ್ರಂಥಿಯಿಂದ ಬರುವ ಕೊಬ್ಬಿನ ಆಮ್ಲ, ತುಪ್ಪದಲ್ಲಾಗಲಿ ಪರಾಗದಲ್ಲಾಗಲಿ ಹೇಳಿಕೊಳ್ಳುವಷ್ಟು ಇರುವುದಿಲ್ಲ. 2016ರ ಐಎಸ್‌ಒ 12824 (ರಾಯಲ್ ಜೆಲ್ಲಿಯ ಅಂತರರಾಷ್ಟ್ರೀಯ ಗುಣಮಟ್ಟ) ಪ್ರಕಾರ ಕನಿಷ್ಠ 1.4 ಶೇಕಡಾ ಇರಬೇಕು. ಅಂಶಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ ನೋಡುತ್ತಾರೆ. ಪುಡಿ ರೂಪದ್ದಾದರೆ ನೀರು ಹೋಗಿರುವುದರಿಂದ ಸುಮಾರು ಮೂರು ಪಟ್ಟು ಬರಬೇಕು. ಪುಡಿ ಮಾರುವವರು 1.4 ಅಂತ ಹೇಳಿಕೊಂಡರೆ ಅದರಲ್ಲಿ ಬೇರೆ ಏನೋ ತುಂಬಿಸಿದ್ದಾರೆ.

ಆದರೆ ಈ ಒಂದು ಅಂಕೆಗೇ ಮರುಳಾಗಬೇಡಿ. 10-ಎಚ್‌ಡಿಎಯನ್ನು ಕಾರ್ಖಾನೆಯಲ್ಲೂ ಮಾಡುತ್ತಾರೆ, ಬೇಕಾದವರು ಬೆರೆಸಬಹುದು. ಅದಕ್ಕೇ ಪ್ರೋಟೀನ್ (11ರಿಂದ 18 ಶೇಕಡಾ), ಒಟ್ಟು ಸಕ್ಕರೆ (7ರಿಂದ 18) ಮತ್ತು ನೀರಿನಂಶ ಒಟ್ಟಿಗೆ ಹೊಂದಬೇಕು. ಇನ್ನೊಂದು, ಜೆಲ್ಲಿ ಹಳತಾದರೂ 10-ಎಚ್‌ಡಿಎ ಅಷ್ಟಾಗಿ ಕಡಿಮೆಯಾಗುವುದಿಲ್ಲ. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಹೊರಗಿಟ್ಟ ಜೆಲ್ಲಿಯೂ ಈ ಪರೀಕ್ಷೆಯಲ್ಲಿ ಪಾಸಾಗಬಹುದು. ತಾಜಾತನಕ್ಕೆ ಫ್ಯೂರೋಸಿನ್ ಅಂತ ಬೇರೆ ಪರೀಕ್ಷೆ ಉಂಟು, ಪ್ರೋಟೀನೂ ಸಕ್ಕರೆಯೂ ಸೇರಿ ಹಾಳಾಗುತ್ತಾ ಬಂದಂತೆ ಅದು ಏರುತ್ತದೆ. ಕಣ್ಣಿಗೆ ಕಾಣುವ ಗುರುತು ಬಣ್ಣ ಕಂದಾಗುವುದು, ದಪ್ಪ ಆಗುವುದು. ಹಾಗಾಗಿ ಮಾರುವವರನ್ನು "ಅಸಲಿಯಾ" ಅಂತ ಕೇಳುವ ಮೊದಲು "ಎಲ್ಲಿ ಇಟ್ಟಿದ್ರಿ" ಅಂತ ಕೇಳಿ. ಜಾಸ್ತಿ ದಿನಕ್ಕೆ ಮೈನಸ್ 18 ಡಿಗ್ರಿ ಬೇಕು. ನಮ್ಮ ಮಳೆಗಾಲದ ಕರೆಂಟ್ ನಿಮಗೆ ಗೊತ್ತೇ ಉಂಟಲ್ಲ. ಅಂಗಡಿಯ ಕಪಾಟಿನಲ್ಲಿ ಸುಮ್ನೆ ಸಾಲಾಗಿ ಇಟ್ಟ ಹಸಿ ಜೆಲ್ಲಿಯನ್ನು ನಾನಂತೂ ಕೊಳ್ಳುವುದಿಲ್ಲ.

ಮಳೆಗಾಲದಲ್ಲಿ ನಾವು ಸಕ್ಕರೆ ಪಾಕ ಕೊಡುತ್ತೇವೆ ಅಲ್ವಾ, ಐಎಸ್‌ಒ ಅದನ್ನೂ ಗಮನಿಸಿದೆ. ಬರೀ ಹೂವಿನ ಆಹಾರದ ಮೇಲೆ ಬಂದದ್ದು ಒಂದು ಬಗೆ, ಪಾಕ ಕೊಟ್ಟು ಬಂದದ್ದು ಇನ್ನೊಂದು. ಕಬ್ಬಿನ ಸಕ್ಕರೆ ಕಾರ್ಬನ್ ಐಸೋಟೋಪ್ ಪರೀಕ್ಷೆಯಲ್ಲಿ (ಸಕ್ಕರೆ ಯಾವ ಬಗೆಯ ಗಿಡದ್ದು ಅಂತ ಕಾರ್ಬನ್‌ನಿಂದ ಗುರುತಿಸುವ ಪರೀಕ್ಷೆ) ಸಿಕ್ಕಿಬೀಳುತ್ತದೆ.

ಪರೀಕ್ಷೆಗೆ ಕಳಿಸುವ ಮೊದಲು 10-ಎಚ್‌ಡಿಎ ಮಾಡುತ್ತೀರಾ ಅಂತ ಲ್ಯಾಬ್‌ಗೆ ಫೋನ್ ಮಾಡಿ ಕೇಳಿ. ತುಪ್ಪ ಪರೀಕ್ಷಿಸುವವರೆಲ್ಲ ಇದನ್ನು ಮಾಡುವುದಿಲ್ಲ. ಸ್ಯಾಂಪಲ್ ಐಸ್ ಪೆಟ್ಟಿಗೆಯಲ್ಲೇ ಹೋಗಲಿ.

ಉಬ್ಬಸ, ಅಲರ್ಜಿ ಇದ್ದವರು ರುಚಿ ನೋಡುವುದೂ ಬೇಡ. ಇದರಿಂದ ಜೀವ ಹೋದದ್ದೂ ವೈದ್ಯಕೀಯ ದಾಖಲೆಯಲ್ಲಿ ಉಂಟು.

ಇನ್ನು ತುಡುವೆಯಿಂದ ತೆಗೆದು ಮಾರುವುದು. ಲೆಕ್ಕ ಕೂಡುವುದಿಲ್ಲ. ಜಗತ್ತಿನಲ್ಲಿ ಮಾರಾಟವಾಗುವುದು ಹೆಚ್ಚಾಗಿ ಮೆಲ್ಲಿಫೆರಾದ (ಯುರೋಪಿನ ಜೇನುನೊಣದ) ಜೆಲ್ಲಿ. ಒಂದು ದಿನವೂ ತುಂಬದ ಮರಿಗಳನ್ನು ಕೃತಕ ರಾಣಿ ಕೋಶಗಳಿಗೆ ಹಾಕಿ, ಮೂರನೇ ದಿನ ಮರಿ ತೆಗೆದು ಜೆಲ್ಲಿ ಸೋಸುತ್ತಾರೆ. ಅಲ್ಲಿಯೇ ಒಂದು ಕೋಶಕ್ಕೆ ಸಿಗುವುದು ಕಾಲು ಗ್ರಾಂ ಆಸುಪಾಸು. ತುಡುವೆಯ ಕೋಶ ಇನ್ನೂ ಸಣ್ಣದು. ಮೇಲಾಗಿ ರಾಣಿ ಕೋಶ ಸಾಕಿಸಲು ರಾಣಿ ತೆಗೆದಿಟ್ಟರೆ ತುಡುವೆಯಲ್ಲಿ ಕೆಲಸಗಾರ ನೊಣಗಳೇ ಬೇಗ ಮೊಟ್ಟೆ ಇಡಲು ಶುರು ಮಾಡಿ ಕುಟುಂಬ ಕೆಡುತ್ತದೆ. ಆ ಸೀಸನ್ನಿನ ತುಪ್ಪವೂ ಕೈತಪ್ಪುತ್ತದೆ. ನೋಡುವ ಆಸೆ ಇದ್ದರೆ, ಕುಟುಂಬ ಒಡೆದು ಪಾಲಾಗುವ ಕಾಲಕ್ಕೆ ಹೆಚ್ಚಿನ ರಾಣಿ ಕೋಶಗಳನ್ನು ಹೇಗೂ ಕೀಳುತ್ತೀರಲ್ಲ, ಮುಚ್ಚಳ ಬೀಳದ ಒಂದನ್ನು ಬಿಡಿಸಿ ಮರಿಯ ಕೆಳಗೆ ನೋಡಿ. ಮಂಗಳೂರಿನ ಬಾಟಲಿಯ ಪಕ್ಕದಲ್ಲಿಟ್ಟು ವಾಸನೆ ಹೋಲಿಸಬಹುದು.